ಮರದ ಅಜ್ಜ

ಪೈನ್ ಹಲಗೆ ಕೊಯ್ಯುವ ವಾಸನೆ ಬಂದರೆ ಈಗಲೂ ಕೊಲ್ಲಿ ನಾಡಿನ ದಹ್ರಾನಿನ ಆ ಮಧ್ಯಾಹ್ನ ನೆನಪಾಗುತ್ತದೆ. ಕೆಲಸ ಮುಗಿಸಿ ಮರಳುವ ವಿದೇಶಿ ಎಂಜಿನಿಯರುಗಳ ಸಾಮಾನಿಗೆ ಅಬ್ಬ ಪೆಟ್ಟಿಗೆ ಮಾಡಿಕೊಡುತ್ತಿದ್ದರು. ಅಂದು ಅಂಥ ಒಬ್ಬ ಸಾಹೇಬರ, ಪಪುವಾ ದ್ವೀಪದ ಮರದ ಮೂರ್ತಿಯೊಂದನ್ನು ಮನೆಗೆ ತಂದಿದ್ದರು. ಕಣ್ಣಿಗೆ ಕವಡೆ, ಎದೆಯ ತುಂಬ ಒರಟು ಗೀರು. ಪಾದದಡಿ ಅದನ್ನು ತಂದ ಬಿಳಿಯನ ಹೆಸರು.

“ಒಳಗೆ ಬೇಡ, ನಮಾಜು ಮಾಡುವ ಜಾಗ,” ಎಂದರು ಉಮ್ಮ.

“ಅಲ್ಲಿಯ ಯಾರದೋ ಅಜ್ಜ ಅಂತೆ ಇದು. ಸಾಹೇಬರ ಅಜ್ಜ ತಂದದ್ದು.”

“ಅಲ್ಲಿಯವರೇ ಕೊಟ್ಟದ್ದಾ?”

“ಸಾಹೇಬರಿಗೂ ಗೊತ್ತಿಲ್ಲ.”

ಉಮ್ಮ ಒಳಗೆ ಹೋಗಿ ಒಗೆದ ಬಿಳಿ ಬಟ್ಟೆ ತಂದರು. ಅಬ್ಬ ಅದನ್ನು ಮೂರ್ತಿಗೆ ಸುತ್ತಿ, ಸತ್ತವರನ್ನು ಖಬರಿನಲ್ಲಿ ಮಲಗಿಸುವ ಹಾಗೆ ಪೆಟ್ಟಿಗೆಯಲ್ಲಿ ಬಲಮಗ್ಗುಲಿಗೆ ಮಲಗಿಸಿದರು. ನಮ್ಮವರ ಮುಖವನ್ನಾದರೆ ನಮಾಜಿನ ದಿಕ್ಕಿಗೆ ಇಡುತ್ತಾರೆ; ಅಬ್ಬ ನನ್ನ ಶಾಲೆಯ ಅಟ್ಲಾಸ್ ನೋಡಿ, ಪೆಟ್ಟಿಗೆಯನ್ನೇ ತಿರುಗಿಸಿ ಮುಖವನ್ನು ಪಪುವಾದ ಕಡೆಗೆ ಮಾಡಿದರು. ಆಮೇಲೆ ಮುಚ್ಚಳಕ್ಕೆ ಮೊಳೆ ಹೊಡೆದು, ಮೇಲೆ ಸಾಹೇಬರ ಲಂಡನ್ನಿನ ವಿಳಾಸ ಬರೆದರು.