ಈರುಳ್ಳಿ ಮಂಡಿ ಮೇಲಿನ ಫ್ಲಾಟು

ನಾಗರತ್ನಮ್ಮ ಹೂವಿನ ಬುಟ್ಟಿಗೆ ಕೈ ಹಾಕಿ ಒಂದು ಮೊಳ ಮಲ್ಲಿಗೆಯನ್ನು ಹಿಸುಕಿ ನೋಡಿದರು. ಮೂಗಿನ ಹತ್ತಿರ ಒಯ್ದರು. ಮತ್ತೆ ಬುಟ್ಟಿಗೇ ಎಸೆದರು.

"ನಿನ್ನೇದು. ಮೈಸೂರಲ್ಲಿ ಇದನ್ನ ದನಕ್ಕೂ ಹಾಕಲ್ಲ. ಅದಿರಲಿ, ಈ ಬೀದೀಲಿ ರೇವಂತ್ ಅಂತ ದನದ ಡಾಕ್ಟರು ಇದ್ದಾರಂತಲ್ಲ, ಹೇಗೆ ಜನ?"

ಹೂವಿನ ದೊಡ್ಡಮಲ್ಲಮ್ಮನ ಮುಖ ಅರಳಿತು. "ನಮ್ ಡಾಕ್ಟ್ರಾ? ಅವ್ರು..." ಎಂದು ಶುರು ಮಾಡಿದವಳು, ನಾಗರತ್ನಮ್ಮನ ಹಿಂದೆ ಚೀಲ ಹಿಡಿದು ನಿಂತಿದ್ದ, ಫ್ಲಾಟಿನ ಕೆಲಸದ ಸುಂದ್ರಮ್ಮ ಕೆಮ್ಮಿದ್ದೇ ತಡ, ಮಾತು ನುಂಗಿದಳು. ಹೂವಿಗೆ ನೀರು ಚಿಮುಕಿಸಿದಳು. "ಬೆಳಿಗ್ಗೆವೊತ್ತು ಒಳ್ಳೇವ್ರು ಕಣಮ್ಮ. ಸಂಜೆ ಆದ್ಮೇಲೆ ಯಾರ್ ಒಳ್ಳೇವ್ರು ಬುಡಿ."

ಕುಡುಕ. ನಾಗರತ್ನಮ್ಮನಿಗೆ ಅರ್ಧ ಕೆಲಸ ಮುಗಿದಂತಾಯಿತು.

ಮಗಳು ನಯನಾಗೆ ಮೂವತ್ತೆರಡು ತುಂಬಿತ್ತು. ಇದುವರೆಗೆ ಬಂದ ಒಂಬತ್ತು ಸಂಬಂಧಗಳನ್ನೂ ತಾಯಿಯೇ ಬೇಡವೆಂದಿದ್ದರು. ಒಬ್ಬನ ಕಿವಿ ದೊಡ್ಡದು, ಇನ್ನೊಬ್ಬನ ಅಪ್ಪ ಹವಾಯಿ ಚಪ್ಪಲಿಯಲ್ಲಿ ಬಂದಿದ್ದ. ಮೊಸರಲ್ಲಿ ಕಲ್ಲು ಹುಡುಕುವವರಿಗೆ ಕಲ್ಲಿಗೇನು ಬರ? ಆದರೆ ಈ ಹತ್ತನೆಯವನನ್ನು ನಯನಾ ತಾನೇ ಎರಡು ಸಲ ಕಂಡು ಮಾತಾಡಿ ಮೆಚ್ಚಿದ್ದಳು. "ಅಮ್ಮಾ, ಇದೊಂದು ನಂಗೆ ಬೇಕು. ನಿನ್ನ ಮಾತು ಕೇಳಲ್ಲ. ಅವರ ಬೀದಿಯವರನ್ನ ಕೇಳ್ಕೊಂಡು ಬಾ. ಅವರು ಬೇಡ ಅಂದ್ರೆ ಅವನ ಹೆಸರೆತ್ತಲ್ಲ" ಎಂದಿದ್ದಳು.

ಹಾಗಾಗಿ ನಾಗರತ್ನಮ್ಮ ಬಂಡೀಪುರ ನೋಡಲು ಬಂದ ಪ್ರವಾಸಿಯ ವೇಷದಲ್ಲಿ ಗುಂಡ್ಲುಪೇಟೆಯ ನಟ್ಟನಡುವೆ ಎರಡು ದಿನಕ್ಕೆ ಫ್ಲಾಟು ಹಿಡಿದಿದ್ದರು. ಹೆಸರಿಗೆ ಹಾಲಿಡೇ ಫ್ಲಾಟು, ಕೆಳಗೆ ಈರುಳ್ಳಿ ಮಂಡಿ. ಕಿಟಕಿ ತೆಗೆದರೆ ಕಾಣುವ ಕಾಡೆಂದರೆ ಕೇರಳಕ್ಕೆ ಹೊರಟ ಲಾರಿಗಳ ಸಾಲು. ಮೆಟ್ಟಿಲ ಮೇಲೆಲ್ಲ ಈರುಳ್ಳಿ ಸಿಪ್ಪೆ. ಅವರು ಸೀರೆಯನ್ನು ಹಿಮ್ಮಡಿಗಿಂತ ಮೇಲಕ್ಕೆ ಎತ್ತಿ ಹಿಡಿದೇ ಹತ್ತಿದ್ದರು.

ಫ್ಲಾಟು ಗುಡಿಸುವ ಸುಂದ್ರಮ್ಮ ಮೊದಲ ದಿನವೇ ಚೊಂಬಿನಲ್ಲಿ ಕುಡಿಯುವ ನೀರು ತಂದಿಟ್ಟಿದ್ದಳು. ನಾಗರತ್ನಮ್ಮ ಅವಳ ಕಣ್ಣೆದುರೇ ಅದನ್ನು ಸಿಂಕಿಗೆ ಸುರಿದು, ತಾವು ತಂದ ಬಾಟಲಿಯ ಮುಚ್ಚಳ ತೆಗೆದರು. ಸುಂದ್ರಮ್ಮ ಖಾಲಿ ಚೊಂಬು ಎತ್ತಿಕೊಂಡಳು.

"ಮಕ್ಕಳೆಷ್ಟವ್ವಾ ನಿಮ್ಗೆ?"

"ಒಬ್ಬಳೇ ಮಗಳು. ಅದೆಲ್ಲ ನಿನಗ್ಯಾಕೆ? ನಾಳೆ ಬೀದಿ ತೋರಿಸು, ಚೀಲ ಹಿಡ್ಕೊಂಡು ಬಾ."

ಸುಂದ್ರಮ್ಮ ಬಂದಳು. ಹೂವಿನವಳು ಆಯಿತು, ಮುಂದೆ ಚಿಕ್ಕಮಲ್ಲಪ್ಪನ ಹೋಟೆಲು. ನಾಗರತ್ನಮ್ಮ ಲೋಟವನ್ನು ಕರವಸ್ತ್ರದಲ್ಲಿ ಮೂರು ಸಲ ಒರೆಸಿ, ಒಂದು ಗುಟುಕು ಕುಡಿದು ಸರಿಸಿದರು. "ಇದು ಕಾಫಿಯೋ, ಲೋಟ ತೊಳೆದ ನೀರೋ?"

"ನಮ್ ಕಾಫಿ ನಿಮ್ಮಂತ ದೊಡ್ಡೋರ್ಗೆ ಎಲ್ ಸೇರ್ತದೆ ತಾಯಿ" ಎಂದ ಚಿಕ್ಕಮಲ್ಲಪ್ಪ. ಡಾಕ್ಟರ ಮಾತು ಬಂದಾಗ ಅವನು ಒಮ್ಮೆ ಸುಂದ್ರಮ್ಮನತ್ತ ನೋಡಿದ. "ಇಸ್ಪೀಟ್ ಎಲೆ ಕೈಗ್ ಬಂದ್ರೆ, ಹಸ ಕರ ಹಾಕ್ತಿದ್ರೂವೆ ಎದ್ದೇಳಕಿಲ್ಲ ಕಣಮ್ಮ ಅವ್ರು."

ಇಸ್ತ್ರಿ ರಂಗಸ್ವಾಮಿಯ ಗಾಡಿಯ ಮೇಲೆ ರೇಷ್ಮೆ ಸೀರೆ ಇಟ್ಟು ಎಚ್ಚರಿಸಿದರು: "ಸುಟ್ಟುಗಿಟ್ಟೀಯ. ಇದೊಂದು ಸೀರೆಗೆ ನಿನ್ನಂಥವರ ಹತ್ತು ಗಾಡಿ ಬರುತ್ತೆ." ರಂಗಸ್ವಾಮಿ ಒಂದು ಸುಕ್ಕೂ ಉಳಿಯದಂತೆ ಉಜ್ಜಿ ಮಡಚಿ ಕೊಟ್ಟ. ಆಮೇಲೆ ದನಿ ತಗ್ಗಿಸಿದ. "ಡಾಕ್ಟ್ರುಗೆ ಸುಲ್ತಾನ್ ಬತ್ತೇರೀಲಿ ಒಂದ್ ಸಂಸಾರ ಅದಂತೆ. ನಾನೇನ್ ನೋಡಿಲ್ಲ, ಜನ ಆಡ್ಕತರೆ."

ಕುಡಿತ, ಜೂಜು, ಇನ್ನೊಂದು ಸಂಸಾರ. ಮೂರು ಬಾಯಿ, ಮೂರು ಸಾಕ್ಷಿ. ಹಳ್ಳಿಮುಕ್ಕರ ಬಾಯಿ ಬಿಡಿಸುವುದು ಎಷ್ಟು ಸುಲಭವೆಂದು ನಾಗರತ್ನಮ್ಮನಿಗೆ ನಗು ಬಂತು. ತಾವು ಯಾರು, ಯಾತಕ್ಕೆ ಕೇಳುತ್ತಿದ್ದೇವೆ ಎಂದು ಒಬ್ಬರಾದರೂ ತಿರುಗಿ ಕೇಳಿದರೇ? ಪೆದ್ದು ಮುಂಡೇವು.

ಫ್ಲಾಟಿಗೆ ಬಂದವರೇ ಹುಡುಗನ ತಂದೆ ಗುರುಪಾದಸ್ವಾಮಿಯವರಿಗೆ ಫೋನು ಮಾಡಿದರು. ನಮ್ಮ ಹುಡುಗಿಯನ್ನು ಬಾವಿಗೆ ನೂಕಿದರೂ ನೂಕಿಯೇವು, ನಿಮ್ಮ ಮನೆಗೆ ಕೊಡುವುದಿಲ್ಲ ಎಂದರು. ಆತ ಯಾಕೆಂದು ಕೇಳಲಿಲ್ಲ, ಸಿಟ್ಟಾಗಲಿಲ್ಲ. "ಆಗ್ಲಿ ತಾಯಿ. ಒಳ್ಳೇದಾಗ್ಲಿ" ಎಂದು ಇಟ್ಟರು. ತಪ್ಪಿತಸ್ಥರಿಗೆ ಬಾಯಿ ಎಲ್ಲಿಂದ ಬರಬೇಕು?

ಮಗಳಿಗೆ ಮಾಡಿದಾಗ ಮಾತ್ರ ಗೆದ್ದ ಖುಷಿ ಸ್ವಲ್ಪ ಇಳಿಯಿತು. ನಯನಾ ಎಲ್ಲ ಕೇಳಿಸಿಕೊಂಡಳು. "ಬೀದಿಯವರೇ ಹೇಳಿದ್ರಾ?" ಎಂದು ಒಂದೇ ಒಂದು ಸಲ ಕೇಳಿದಳು. "ಸರಿ. ಮಾತು ಕೊಟ್ಟಿದ್ದೆ. ಇನ್ನು ಮೇಲೆ ನಂಗೆ ಗಂಡು ನೋಡಬೇಡಮ್ಮ, ಸಾಕು." ಅವಳು ಅಳುತ್ತಿದ್ದುದು ನಾಗರತ್ನಮ್ಮನಿಗೆ ಗೊತ್ತಾಯಿತು. ಆದರೂ ತಾಯಿಯಾದವಳು ಕಾಪಾಡಬೇಕಲ್ಲ. ಅತ್ತರೆ ನಾಲ್ಕು ದಿನ, ಕಟ್ಟಿಕೊಂಡರೆ ಜನ್ಮಪೂರ್ತಿ.

ಬೀಗದ ಕೈ ಇಸಿದುಕೊಳ್ಳಲು ಸುಂದ್ರಮ್ಮ ಬಂದಳು. ನಾಗರತ್ನಮ್ಮ ಧಾರಾಳವಾಗಿ, ಉಳಿದಿದ್ದ ಅರ್ಧ ಪೊಟ್ಟಣ ಬ್ರೆಡ್ಡನ್ನು ಅವಳತ್ತ ನೂಕಿದರು. ತಮ್ಮ ಜಾಣತನವನ್ನು ಯಾರಿಗಾದರೂ ಹೇಳದೆ ಹೊರಡಲು ಮನಸ್ಸಾಗಲಿಲ್ಲ.

"ನಾನು ಆನೆ ಹುಲಿ ನೋಡೋಕೆ ಬಂದೋಳಲ್ಲ ಕಣೆ. ಆ ಡಾಕ್ಟರಿಗೆ ನನ್ನ ಮಗಳನ್ನ ಕೊಡೋಣ ಅಂತಿದ್ವಿ. ಗುಟ್ಟಾಗಿ ವಿಚಾರಿಸೋಕೆ ಬಂದಿದ್ದೆ."

ಸುಂದ್ರಮ್ಮ ಬ್ರೆಡ್ಡು ಮುಟ್ಟಲಿಲ್ಲ. ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. "ಗೊತ್ತು ಕಣವ್ವ. ಕಾಡ್ ನೋಡಕ್ ಬರೋರು ಕಾಡ್ ಪಕ್ಕ ಇಳ್ಕತರೆ. ಈರುಳ್ಳಿ ಮಂಡಿ ಮ್ಯಾಲೆ ಬಂದು ಇಳ್ಕಳೋರೆಲ್ಲ ಗಂಡು ಇಚಾರಿಸಕ್ ಬಂದೋರೇಯ."

ಬಾಗಿಲ ತನಕ ಹೋಗಿ ಅವಳು ತಿರುಗಿದಳು. "ಹುಡ್ಗ ಅಪ್ಪಟ ಚಿನ್ನ ಕಣವ್ವ, ಬೀಡಿ ಕೂಡ ಮುಟ್ಟಿದೋನಲ್ಲ, ಬೀದಿಯೋರೆಲ್ಲ ಸೇರಿ ಎರಡು ದಿನ ನೋಡ್ದೋ, ಅತ್ತೆ ಸರಿ ಬರ್ನಿಲ್ಲ."