ಬಂಡಿಯ ಹಲಗೆ

"ತಿಲೆಕ್! ಏ ತಿಲೆಕ್!"

ಬುರುಲಜ್ಜಿ ಗುಡಾರದ ಬಾಗಿಲಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದಳು. ಒಳಗೆ ದಪ್ಪ ಉಣ್ಣೆಹಾಸಿನ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದ ಮೊಮ್ಮಗ ಆಟದ ಕುರಿ ಕೀಲೆಲುಬುಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಎರಡೂವರೆ ವರ್ಷದ ಪೋರ, ತಿರುಗಿಯೂ ನೋಡಲಿಲ್ಲ. ಬೇಸಗೆಗೆಂದು ಬೆಟ್ಟದ ಹುಲ್ಲುಗಾವಲಿಗೆ ಹತ್ತಿ ಬಂದಾಗಿನಿಂದ ಇದೇ ಕಥೆ.

"ದೃಷ್ಟಿ ತಾಗಿದೆ," ಅಂದಳು ಅಜ್ಜಿ. "ಊರಲ್ಲಿದ್ದಾಗ ನಾನು ಕರೆದ್ರೆ ಸಾಕು, ಕುದುರೆಮರಿ ಥರ ಓಡಿ ಬರ್ತಿದ್ದ. ಆ ಮೇಲಿನ ಗುಡಾರದವಳು ಬಂದು, ಎಷ್ಟು ಮುದ್ದಾಗಿದಾನೆ ಅಂತ ಕೆನ್ನೆ ಹಿಂಡಿ ಹೋದ್ಲಲ್ಲ, ಅವಳದೇ ಕಣ್ಣು!"

"ಅವನಿಗೆ ಮಾತೂ ಬಂದಿಲ್ಲ ಅತ್ತೆ," ಚರ್ಮದ ಚೀಲದಲ್ಲಿ ಕುದುರೆಹಾಲು ಕಡೆಯುತ್ತಿದ್ದ ಸೊಸೆ ಬೇಗಿಮಾಯ್ ಮೆಲ್ಲಗೆ ಅಂದಳು. "ನಾಳೆ ಹಾಲಿನ ಲಾರಿ ಕೆಳಗೆ ಹೋಗುತ್ತೆ. ಪಟ್ಟಣಕ್ಕೆ ಕರ್ಕೊಂಡು ಹೋಗಿ ಒಂದ್ಸಲ ಕಿವಿ ತೋರಿಸ್ಲಾ?"

"ಕಿವಿಗೇನು ದಾಡಿ? ಇವನ ತಾತನೂ ನಾಲ್ಕು ವರ್ಷ ಆಗೋವರೆಗೆ ಬಾಯಿಗೆ ಬೀಗ ಹಾಕ್ಕೊಂಡಿದ್ನಂತೆ. ಆಮೇಲೆ ತೆರೆದ ಬಾಯಿ ಇವತ್ತಿನವರೆಗೂ ಮುಚ್ಚಿಲ್ಲ! ಹಬ್ಬದಲ್ಲಿ ಕುರಿ ನಾಲಿಗೆ ಬೇಯಿಸಿ ತಿನ್ನಿಸಿದೀನಿ. ಬರುತ್ತೆ ಮಾತು. ನೀನು ಕಿವುಡ ಅಂತ ಊರೆಲ್ಲ ಡಂಗುರ ಹೊಡಿಬೇಡ."

ಬೇಗಿಮಾಯ್ ತಲೆ ತಗ್ಗಿಸಿದಳು. ಹೆತ್ತವಳು ತಾನಾದರೂ ಹಕ್ಕು ತನ್ನದಲ್ಲ. ಅವರಲ್ಲಿ ಮೊದಲ ಮೊಮ್ಮಗ ಅಜ್ಜಿಯ ಪಾಲು. ಮೊಲೆಹಾಲು ಬಿಟ್ಟ ದಿನವೇ ತಿಲೆಕ್ ಬುರುಲಜ್ಜಿಯ ಹಾಸಿಗೆ ಸೇರಿದ್ದ. ಮಾತು ಬಂದರೆ ಅವನು ಅಮ್ಮ ಎನ್ನಬೇಕಾದದ್ದೂ ಅಜ್ಜಿಯನ್ನೇ. ಅದಕ್ಕೆ ಬೇಗಿಮಾಯ್ ಎಂದೂ ಚಕಾರ ಎತ್ತಿದವಳಲ್ಲ. ಆದರೆ ಊರಿನ ನರ್ಸಮ್ಮ ಹೇಳಿದ ಮಾತು ಅವಳ ನಿದ್ದೆ ಕೆಡಿಸಿತ್ತು. ಕಿವಿಯಲ್ಲಿ ದೋಷವಿದ್ದರೆ ತಡ ಮಾಡಿದಷ್ಟೂ ಮಾತು ದೂರವಾಗುತ್ತದಂತೆ.

ಅಜ್ಜಿ ಸಿಟ್ಟಿನಿಂದ ಒಳಗೆ ಬಂದು, ಊರುಗೋಲು ಕುಟ್ಟಿ ಇನ್ನೊಮ್ಮೆ ಕೂಗಿದಳು. ಕೋಲು ಉಣ್ಣೆಯಲ್ಲಿ ಹೂತು ಸುಮ್ಮನಾಯಿತು. ಬೇಗಿಮಾಯಳ ಕೈ ಅಲ್ಲೇ ನಿಂತಿತು. ಊರಿನ ಮನೆಯ ನೆಲ ಹಲಗೆಯದು. ಅಲ್ಲಿ ಅತ್ತೆ ಕೋಲು ಕುಟ್ಟಿ ಕರೆದರೆ ಗೂಡಿನಲ್ಲಿದ್ದ ಬಟ್ಟಲುಗಳೂ ನಡುಗುತ್ತಿದ್ದವು. ಇಲ್ಲಿ ಉಣ್ಣೆಯ ಕೆಳಗೆ ಬರೀ ಮಣ್ಣು.

"ಅತ್ತೆ, ಒಂದೇ ಒಂದ್ಸಲ ನಾನು ಹೇಳಿದ ಹಾಗೆ ಮಾಡ್ತೀರಾ? ಅವನನ್ನ ಬಂಡಿ ಮೇಲೆ ಕೂರಿಸ್ತೀನಿ. ನೀವು ಹಿಂದಿನಿಂದ ಕರೀರಿ."

ಸೊಸೆ ಅತ್ತೆಗೆ ಹೀಗೆಲ್ಲ ಹೇಳುವುದುಂಟೇ? ಬುರುಲಜ್ಜಿ ಹುಬ್ಬೇರಿಸಿದಳು. ಆದರೆ ಗೆಲ್ಲುವ ಪಂದ್ಯವನ್ನು ಯಾರು ಬಿಡುತ್ತಾರೆ?

"ಅವನು ತಿರುಗಿದ್ರೆ ಮತ್ತೆ ಪಟ್ಟಣದ ಸುದ್ದಿ ಎತ್ತಬಾರದು."

"ಎತ್ತಲ್ಲ."

ಗುಡಾರದ ಸಾಮಾನು ಹೊತ್ತು ತಂದಿದ್ದ ಬಂಡಿ ಹೊರಗೆ ಖಾಲಿ ನಿಂತಿತ್ತು. ಮಗುವನ್ನು ಬೆಟ್ಟಕ್ಕೆ ಮುಖ ಮಾಡಿಸಿ ಅದರ ಹಲಗೆಯ ಮೇಲೆ ಕೂರಿಸಿದರು. ಅಜ್ಜಿ ಹಿಂದಿನಿಂದ ಬಂದು ಅಭ್ಯಾಸದಂತೆ ಹಲಗೆಗೆ ಕೋಲು ಕುಟ್ಟಿ, "ತಿಲೆಕ್!" ಅಂದಳು. ಹುಡುಗ ತಟ್ಟನೆ ತಿರುಗಿ ಬಾಯಿತುಂಬ ನಕ್ಕ.

"ಈಗೇನಂತೀಯ? ಬೇಕಿತ್ತಾ ನಿಂಗೆ?" ಅಜ್ಜಿ ಬೀಗಿದಳು.

ಬೇಗಿಮಾಯ್ ಇಲ್ಲಿಗೇ ನಿಲ್ಲಿಸಿಬಿಡಬಹುದಿತ್ತು. ಸೋತು ಖುಷಿಯಾಗಿರಬೇಕೆಂದು ಅವಳ ಮನಸ್ಸು ಎಷ್ಟು ಹಾತೊರೆಯಿತೋ! ಆದರೂ ಅಂದಳು, "ಈಗ ಕೂಗಬೇಡಿ ಅತ್ತೆ. ಬರೀ ಕುಟ್ಟಿ."

ಅಜ್ಜಿ ಕುಟ್ಟಿದಳು. ಹಲಗೆ ಅದುರಿತು. ಹುಡುಗ ಮತ್ತೆ ತಿರುಗಿ ನಕ್ಕ.

"ಈಗ ಕೋಲು ನನಗೆ ಕೊಡಿ. ಬರೀ ಕೂಗಿ."

"ತಿಲೆಕ್," ಅಂದಳು ಅಜ್ಜಿ. ಹುಡುಗ ಹಲಗೆಯ ಸಂದಿನಿಂದ ಹುಲ್ಲುಕಡ್ಡಿ ಕೀಳುತ್ತಿದ್ದ. "ತಿಲೆಕ್, ನನ್ನ ಬಂಗಾರ," ಅಂದಳು. ಆಮೇಲೆ ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿ ಚೀರಿದಳು. ದೂರದಲ್ಲಿ ಮೇಯುತ್ತಿದ್ದ ಕುದುರೆಗಳು ತಲೆ ಎತ್ತಿದವು. ಮಲಗಿದ್ದ ನಾಯಿ ಎದ್ದು ಓಡಿ ಬಂತು. ಹುಡುಗನಿಗೆ ಸಂದಿನಲ್ಲಿ ಇನ್ನೊಂದು ಕಡ್ಡಿ ಸಿಕ್ಕಿತ್ತು.

ಅಜ್ಜಿ ಬಂಡಿಯ ಗಾಲಿಗೆ ಒರಗಿ ಕುಸಿದು ಕೂತಳು. ಗೆದ್ದ ಬೇಗಿಮಾಯ್ ಸೆರಗಿನಂತೆ ಇಳಿಬಿದ್ದಿದ್ದ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು.

"ಅಳಬೇಡ್ವೇ," ಅಂದಳು ಅಜ್ಜಿ. "ನಾಳೆ ಲಾರಿ ಹತ್ತು. ಮಗು ಯಾರದು ಅಂತ ಡಾಕ್ಟರು ಕೇಳಿದ್ರೆ ನಂದು ಅನ್ನು. ನನ್ನ ಹೆಸರು ಎತ್ತಬೇಡ."

"ನೀವೂ ಬನ್ನಿ ಅತ್ತೆ."

ಅಜ್ಜಿ ಬೇಡವೆಂದು ತಲೆಯಾಡಿಸಿದಳು. ಮಗು ಬಂಡಿಯ ಅಂಚಿಗೆ ತೆವಳಿ ಬಂದು, ತಾನು ಕಿತ್ತ ಕಡ್ಡಿಗಳನ್ನೆಲ್ಲ ಅವಳ ತಲೆಯ ಮೇಲೆ ಸುರಿದು ಕೇಕೆ ಹಾಕಿತು. ಅವಳು ಅದರ ಪುಟ್ಟ ಪಾದವನ್ನು ಹಿಡಿದುಕೊಂಡಳು.

"ಕಿವಿಗೆ ಅದೇನೋ ಯಂತ್ರ ಹಾಕ್ತಾರಂತಲ್ಲ, ಹಾಕಿದ ತಕ್ಷಣ ಬೇರೇನೂ ಹೇಳೋದಕ್ಕೆ ಹೋಗಬೇಡ. ಮೊದಲು ತಿಲೆಕ್ ಅಂತ ಕರಿ," ಅಂದಳು. "ತನಗೊಂದು ಹೆಸರಿದೆ ಅನ್ನೋದು ಪಾಪ, ಅದಕ್ಕಿನ್ನೂ ಗೊತ್ತೇ ಇಲ್ಲ."