ಎಡಕ್ಕೆಳೆಯುವ ಜಾಯ್‌ಸ್ಟಿಕ್

ಪ್ರಯಾಣಿಕರ ವಿಮಾನವನ್ನು ಅವರವರ ಮನೆಯವರೇ ಟೀವಿಯ ಮುಂದೆ ಕೂತು ಹಾರಿಸುವ ಪದ್ಧತಿ ಬಂದ ಮೇಲೆ, ಅಕ್ಕನ ಒಂಟಿ ಸೀಟಿನ ವಿಮಾನ ಮೈಥಿಲಿಯ ಪಾಲಿಗೆ ಬಂದಿತ್ತು. ಇವತ್ತು ಬೆಳಗ್ಗಿನಿಂದ ಜಾಯ್‌ಸ್ಟಿಕ್ ಎಡಕ್ಕೇ ಎಳೆಯುತ್ತಿತ್ತು. ಅಕ್ಕ ದಾವಣಗೆರೆಯ ಮೇಲೆ ಗಿರಕಿ ಹೊಡೆಯುತ್ತಲೇ ಇದ್ದಳು.

“ಗಾಜಿನ ಮನೇನ ಮೂವತ್ತನೇ ಸಲ ನೋಡ್ದೆ ಕಣೇ. ಇಳಿಸ್ತೀಯೋ, ಇಲ್ಲೇ ಸಂಸಾರ ಹೂಡ್ಲೋ?” ಸ್ಪೀಕರಿನಲ್ಲಿ ಅಕ್ಕನ ನಗು.

ಮೈಥಿಲಿ ನಗಲಿಲ್ಲ. ಇಂಧನ ಇನ್ನರ್ಧ ಗಂಟೆಗಷ್ಟೇ ಇತ್ತು. ಎರಡು ಸಲ ರೀಸೆಟ್ ಮಾಡಿದ್ದಳು. ಎರಡೂ ಸಲ ಅದೇ ಕಥೆ. ಕೊನೆಗೆ ಸಹಾಯವಾಣಿಗೆ ಫೋನು ಹಚ್ಚಿ, ಅಕ್ಕನಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದಳು.

“ರೀಸೆಟ್ ಮಾಡುವಾಗ ಜಾಯ್‌ಸ್ಟಿಕ್ ಹಿಡ್ಕೊಂಡಿದ್ರಾ ಮೇಡಂ?” ಅತ್ತಲಿನ ಹೆಂಗಸು ಕೇಳಿದಳು.

“ಬಿಟ್ರೆ ಅಕ್ಕ ಬೀಳಲ್ವಾ?”

“ಎಲ್ರೂ ಹೀಗೇ ಮಾಡ್ತಾರೆ. ನೀವು ಹೆದರಿ ಬಲಕ್ಕೆ ಬಿಗಿಹಿಡಿದದ್ದನ್ನೇ ಅದು ನೇರ ಅಂದ್ಕೊಳ್ತಿದೆ. ರೀಸೆಟ್ ಒತ್ತಿ ಹತ್ತು ಸೆಕೆಂಡು ಕೈ ಬಿಡಿ.”

“ಬಿಡೇ, ನಾನು ಎಣಿಸ್ತೀನಿ,” ಎಂದಳು ಅಕ್ಕ. ಈಗ ದನಿಯಲ್ಲಿ ನಗುವಿರಲಿಲ್ಲ.

ಮೈಥಿಲಿ ರೀಸೆಟ್ ಒತ್ತಿದಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಳು. ಅಕ್ಕ ಆರು ಎನ್ನುವಷ್ಟರಲ್ಲಿ ವಿಮಾನ ನೇರವಾಯಿತು.

“ಹತ್ತು! ಹಿಡ್ಕೋ ಈಗ, ಇಳಿಸು.”

ನೇರ ಹೋಗುತ್ತಿರುವುದನ್ನು ಮತ್ತೆ ಮುಟ್ಟಲು ಮೈಥಿಲಿಯ ಕೈ ಮೇಲೇಳಲಿಲ್ಲ.

“ಅಕ್ಕಾ, ಇನ್ನೊಂದು ಸಲ ಹತ್ತು ಎಣಿಸೇ.”